ಟ್ಯಾಪ್ ಹಾಕಲು ಎಷ್ಟರ ಡ್ರಿಲ್? ವರ್ಕ್‌ಶಾಪಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ಶಾಪ್‌ಗಳಲ್ಲಿ, ಹಾವೇರಿ-ಗದಗ ಕಡೆ ಕೂರಿಗೆ, ಟ್ರೇಲರ್ ಕಟ್ಟುವ ಶೆಡ್‌ಗಳಲ್ಲಿ ಹೊಸದಾಗಿ ಕೆಲಸಕ್ಕೆ ನಿಂತವರು ಕೇಳುವ ಪ್ರಶ್ನೆಗಳಿವು. ಉತ್ತರಗಳೆಲ್ಲ ಕೈಯಿಂದ ಹಾಕುವ ಟ್ಯಾಪ್ (ತೂತಿನೊಳಗೆ ಬೋಲ್ಟ್ ಕೂರುವ ಥ್ರೆಡ್ ಕತ್ತರಿಸುವ ಉಪಕರಣ) ಮತ್ತು ಸಾದಾ ಪಿಲ್ಲರ್ ಡ್ರಿಲ್ಲಿಂಗ್ ಮಷಿನ್ ಇಟ್ಟುಕೊಂಡವರಿಗೆ. ವಿಎಂಸಿಯಲ್ಲಿ (ಕಂಪ್ಯೂಟರ್ ನಡೆಸುವ ಮಷಿನ್) ಸಾವಿರಗಟ್ಟಲೆ ಪೀಸ್ ಹೊಡೆಯುವವರಿಗೆ ಟೂಲ್ ಕಂಪನಿಯ ಕ್ಯಾಟಲಾಗೇ ಸರಿ.

ಯಾವ ಟ್ಯಾಪಿಗೆ ಎಷ್ಟರ ಡ್ರಿಲ್ ಎಂದು ಹೇಗೆ ತಿಳಿಯುವುದು?

ಟ್ಯಾಪಿನ ಅಳತೆಯಲ್ಲಿ ಪಿಚ್ (ಥ್ರೆಡ್ಡಿನ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ) ಕಳೆಯಿರಿ. ಎಂ10 ಟ್ಯಾಪಿನ ಕುತ್ತಿಗೆಯ ಮೇಲೆ 10×1.5 ಎಂದು ಕೆತ್ತಿರುತ್ತದೆ. 10ರಲ್ಲಿ 1.5 ಹೋದರೆ 8.5. ಮೆಟ್ರಿಕ್ ಥ್ರೆಡ್‌ಗೆಲ್ಲ ಇದೇ ಲೆಕ್ಕ.

ಸಾಮಾನ್ಯ ಪಿಚ್‌ಗೆ:
ಎಂ3×0.5: 2.5 ಮಿ.ಮೀ.
ಎಂ4×0.7: 3.3
ಎಂ5×0.8: 4.2
ಎಂ6×1: 5.0
ಎಂ8×1.25: 6.8
ಎಂ10×1.5: 8.5
ಎಂ12×1.75: 10.2
ಎಂ14×2: 12.0
ಎಂ16×2: 14.0
ಎಂ20×2.5: 17.5
ಎಂ24×3: 21.0

ಫೈನ್ ಪಿಚ್‌ಗೆ ಎಂ8×1 ಆದರೆ 7.0, ಎಂ10×1.25 ಆದರೆ 8.8, ಎಂ12×1.25 ಆದರೆ 10.8, ಎಂ12×1.5 ಆದರೆ 10.5, ಎಂ14×1.5 ಆದರೆ 12.5.

ಕೆತ್ತಿದ ಅಕ್ಷರ ಸವೆದು ಹೋಗಿದ್ದರೆ ಪಿಚ್ ಗೇಜ್ ಹಚ್ಚಿ ನೋಡಿ. ಎಂ10ರಲ್ಲಿ 1.5, 1.25, 1 ಮೂರೂ ಮಾರುಕಟ್ಟೆಯಲ್ಲಿವೆ. ಕಣ್ಣಂದಾಜಿನ ಮೇಲೆ ಹೋದರೆ ಬೋಲ್ಟ್ ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ.

ಲೆಕ್ಕದಲ್ಲಿ ಎಂ12ಕ್ಕೆ 10.25 ಬರುತ್ತದೆ, ಚಾರ್ಟಿನಲ್ಲಿ 10.2 ಇದೆ. ಯಾವುದು ಸರಿ?

ಎರಡೂ ಸರಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬಿಟ್ಟಿಗೆ ಚಾರ್ಟ್ ಹೊಂದಿಸಿಕೊಂಡಿದ್ದಾರೆ. 10.3 ಹಾಕಿದರೂ ಥ್ರೆಡ್ ಗೇಜಿನಲ್ಲಿ ಪಾಸಾಗುತ್ತದೆ.

ದೊಡ್ಡ ಡ್ರಿಲ್ ಹಾಕಿದರೆ ಥ್ರೆಡ್ ಸಡಿಲ ಆಗುವುದಿಲ್ಲವೇ? ಬಿಗಿಯಾಗಲಿ ಎಂದು ಒಂದು ಪಾಯಿಂಟ್ ಸಣ್ಣದನ್ನೇ ಹಾಕಿದರೆ ಒಳ್ಳೆಯದಲ್ಲವೇ?

ಟ್ಯಾಪ್ ಮುರಿದ ಕೆಲಸಗಳಲ್ಲಿ ಹೆಚ್ಚಿನವು ಶುರುವಾಗುವುದೇ ಈ ಯೋಚನೆಯಿಂದ. ಸ್ವಲ್ಪ ವಿವರವಾಗಿ ನೋಡೋಣ.

ಬೋಲ್ಟ್ ಸಡಿಲವೋ ಬಿಗಿಯೋ ಎಂಬುದನ್ನು ತೀರ್ಮಾನಿಸುವುದು ಟ್ಯಾಪ್. ಥ್ರೆಡ್ಡಿನ ಇಳಿಜಾರು ಪಕ್ಕಗಳನ್ನು ಕತ್ತರಿಸುವುದು ಅದೇ, ಬೋಲ್ಟ್ ಕೂರುವುದೂ ಆ ಪಕ್ಕಗಳ ಮೇಲೇ. ಡ್ರಿಲ್ ತೀರ್ಮಾನಿಸುವುದು ಥ್ರೆಡ್ಡಿನ ಎತ್ತರವನ್ನು ಮಾತ್ರ, ಅಂದರೆ ಒಳಗಿನ ಏಣು ಎಷ್ಟು ಮುಂದೆ ಚಾಚಿರಬೇಕು ಎಂಬುದನ್ನು. ಡ್ರಿಲ್ ದೊಡ್ಡದಾದರೆ ಏಣಿನ ತುದಿ ಮೊಟಕಾಗುತ್ತದೆ, ಪಕ್ಕಗಳು ಇದ್ದಲ್ಲೇ ಇರುತ್ತವೆ. ಹೊಸ ಬೋಲ್ಟ್ ಹಾಕಿದಾಗ ಅಲ್ಲಾಡುತ್ತಿದ್ದರೆ ಟ್ಯಾಪ್ ಓಲಾಡಿದೆ ಅಥವಾ ಬೋಲ್ಟೇ ಕಳಪೆ ಎಂದರ್ಥ.

ಈ ಎತ್ತರವನ್ನು ಶೇಕಡಾದಲ್ಲಿ ಹೇಳುತ್ತಾರೆ. ಟ್ಯಾಪಿನ ಅಳತೆಯಲ್ಲಿ ತೂತಿನ ಅಳತೆ ಕಳೆದು, ಪಿಚ್‌ನಿಂದ ಭಾಗಿಸಿ, 77ರಿಂದ ಗುಣಿಸಿ. ಎಂ6ಕ್ಕೆ 5.0 ಡ್ರಿಲ್ ಹಾಕಿದರೆ ಶೇ. 77. 5.2 ಹಾಕಿದರೆ ಸುಮಾರು ಶೇ. 62. ಸಣ್ಣದಿರಲಿ ಎಂದು 4.8 ಹಾಕಿದರೆ ಶೇ. 92. ಶೇ. 75ರ ಥ್ರೆಡ್ಡನ್ನು 100ಕ್ಕೆ ಏರಿಸಿದರೆ ಹೆಚ್ಚುವ ಬಲ ಶೇ. 5ರ ಆಸುಪಾಸು, ಟ್ಯಾಪ್ ತಿರುಗಿಸಲು ಬೇಕಾಗುವ ತಾಕತ್ತು ಮಾತ್ರ ಸುಮಾರು ಮೂರು ಪಟ್ಟು ಎಂಬುದು ಮಷಿನ್ ಶಾಪ್ ಕೈಪಿಡಿಗಳಲ್ಲಿ ಮೊದಲಿಂದ ಬಂದ ಲೆಕ್ಕ. ಲಾಭ ಬೋಲ್ಟಿಗೆ ಸ್ವಲ್ಪ, ಅಪಾಯ ಟ್ಯಾಪಿಗೆ ಪೂರ್ತಿ.

ಸ್ಟ್ಯಾಂಡರ್ಡ್ ಸಹ ಇಷ್ಟು ಸಡಿಲು ಕೊಟ್ಟಿದೆ. ನಮ್ಮಲ್ಲಿ ಮೆಟ್ರಿಕ್ ಥ್ರೆಡ್‌ಗೆ ಐಎಸ್ 4218 ಇದೆ. ಸಾಮಾನ್ಯ 6ಎಚ್ ದರ್ಜೆಯಲ್ಲಿ ಎಂ6 ಥ್ರೆಡ್ಡಿನ ಒಳ ವ್ಯಾಸ 4.917ರಿಂದ 5.153ರವರೆಗೆ ಇರಬಹುದು. ಎಂ8ಕ್ಕೆ 6.647ರಿಂದ 6.912, ಎಂ10ಕ್ಕೆ 8.376ರಿಂದ 8.676. ಅಂದರೆ ಎಂ6ಕ್ಕೆ 5.1, ಎಂ8ಕ್ಕೆ 6.9, ಎಂ10ಕ್ಕೆ 8.6 ಹಾಕಿದರೂ ಯಾವ ಇನ್‌ಸ್ಪೆಕ್ಟರೂ ಪೀಸ್ ವಾಪಸ್ ಕಳಿಸುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಕೈಯಿಂದ ಟ್ಯಾಪ್ ಹಾಕುವವರು ಚಾರ್ಟಿಗಿಂತ 0.1 ದೊಡ್ಡ ಬಿಟ್ಟನ್ನೇ ರೂಢಿ ಮಾಡಿಕೊಳ್ಳಬೇಕು. ತೆಳು ಪ್ಲೇಟ್ ಇದ್ದಾಗ, ಥ್ರೆಡ್ ಎರಡು ಮೂರೇ ಸುತ್ತು ಸಿಗುವಾಗ ಮಾತ್ರ ಚಾರ್ಟಿನ ಅಳತೆಗೆ ಅಂಟಿಕೊಳ್ಳಿ.

"8ರ ಟ್ಯಾಪಿಗೆ 6.8 ಬಿಟ್ ಇಲ್ರಿ. 6.5 ಐತಿ, 7 ಐತಿ. ಯಾವುದು ಹಾಕ್ಲಿ?"

7. ಗೇಟು, ಸ್ಟ್ಯಾಂಡು, ಮೋಟರ್ ಬೇಸ್ ಇಂಥ ಕೆಲಸವಾಗಿದ್ದು ಲೋಹ 12 ಮಿ.ಮೀ.ಗಿಂತ ದಪ್ಪ ಇದ್ದರೆ 7ರಲ್ಲಿ ಬರುವ ಶೇ. 62 ಥ್ರೆಡ್ ಸಾಕು. 6.5 ಹಾಕಿದರೆ ಶೇ. 92 ಆಗುತ್ತದೆ. ಪೀಸ್ ಗೇಜಿಗೆ ಹೋಗುವುದಿದ್ದರೆ ಎರಡೂ ಬೇಡ, ಏಕೆಂದರೆ 7.0 ಕೂಡ 6ಎಚ್ ಮಿತಿ ದಾಟಿದೆ. 6.8ರ ಬಿಟ್ ಬೆಲೆ ಒಂದು ಟ್ಯಾಪಿನ ಬೆಲೆಗಿಂತ ಕಡಿಮೆ, ತಂದಿಟ್ಟುಕೊಳ್ಳಿ.

5 ಮಿ.ಮೀ. ಬಿಟ್ ಹಾಕಿದರೂ ತೂತು 5.2 ಬರುತ್ತದೆ. ಬಿಟ್ಟೇ ತಪ್ಪೇ?

ಸಾಣೆ ತಪ್ಪು. ಬೆಂಚ್ ಗ್ರೈಂಡರಿನಲ್ಲಿ ಕೈಯಿಂದ ಹಿಡಿದಾಗ ಎರಡು ತುಟಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಆಗಿರುತ್ತದೆ. ಬಿಟ್ಟಿನ ತುದಿ ನಡುಮಧ್ಯೆ ಇರದೆ ಒಂದು ಕಡೆ ಸರಿದು, ತೂತು ಬಿಟ್ಟಿಗಿಂತ ದೊಡ್ಡದಾಗುತ್ತದೆ. ಕೊರೆಯುವಾಗ ಗಮನಿಸಿ: ಎರಡೂ ಕಡೆಯಿಂದ ಒಂದೇ ಥರ ಚಿಪ್ಸ್ ಸುರುಳಿ ಬಂದರೆ ಸಾಣೆ ಸರಿ ಇದೆ. ಒಂದೇ ಕಡೆಯಿಂದ ಬರುತ್ತಿದ್ದರೆ ಇನ್ನೊಂದು ತುಟಿ ಸುಮ್ಮನೆ ಸುತ್ತುತ್ತಿದೆ. ಮೊದಲು ರದ್ದಿ ತುಂಡಿನ ಮೇಲೆ ಒಂದು ತೂತು ಹಾಕಿ ವರ್ನಿಯರ್‌ನಲ್ಲಿ ಅಳೆದು ನೋಡುವುದು ಎಲ್ಲಕ್ಕಿಂತ ಸುಲಭ.

ಇದೇ ದೋಷ ತಿರುವುಮುರುವಾಗಿಯೂ ಕಾಡುತ್ತದೆ. ಸವೆದ ಬಿಟ್ ಬಿಸಿಯಾಗಿ ಕೊರೆದು, ತಣ್ಣಗಾದ ಮೇಲೆ ತೂತು ಸಣ್ಣದಾಗಿ ಕೂರುವುದುಂಟು. ಚಾರ್ಟ್ ಹೇಳುವುದು ತೂತಿನ ಅಳತೆ. ಬಿಟ್ಟಿನ ಮೇಲೆ ಕೆತ್ತಿದ್ದು ಅದೇ ಅಳತೆಯ ತೂತು ಕೊಡುತ್ತದೆ ಎಂದು ನಂಬಿ ಕೂರಬೇಡಿ.

ಸ್ಟೇನ್‌ಲೆಸ್‌ನಲ್ಲಿ ಮಾತ್ರ ಟ್ಯಾಪ್ ಮೇಲೆ ಟ್ಯಾಪ್ ಮುರಿಯುತ್ತದೆ. ಏಕೆ?

304, 316 ಸ್ಟೀಲ್‌ಗೆ ಒಂದು ಗುಣವಿದೆ: ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಮೊಂಡು ಬಿಟ್ ಹಾಕಿ, ಮಷಿನ್ ಜೋರಾಗಿ ಬಿಟ್ಟು, ಹ್ಯಾಂಡಲ್ ಮೆಲ್ಲಗೆ ಒತ್ತಿದರೆ ಬಿಟ್ ಕತ್ತರಿಸದೆ ಉಜ್ಜುತ್ತದೆ. ತೂತಿನ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತದೆ. ನೋಡಲು ಚೆಂದ, ಆದರೆ ಆ ಹೊಳಪಿನ ಪದರವನ್ನೇ ಟ್ಯಾಪ್ ಕಡಿಯಬೇಕು. ಟ್ಯಾಪ್ ಹಾಕುವಾಗ ಮುರಿದರೂ ತಪ್ಪು ಆಗಿರುವುದು ಡ್ರಿಲ್ ಹಾಕುವಾಗ.

ಮಾಡಬೇಕಾದ್ದು ಇಷ್ಟು. ಬಿಟ್ ಹೊಸ ಸಾಣೆಯದಾಗಿರಲಿ, ಸಾಧ್ಯವಿದ್ದರೆ ಕೋಬಾಲ್ಟ್ ಬೆರೆತ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್), 135 ಡಿಗ್ರಿ ಮೂತಿಯದು. ವೇಗ ಇಳಿಸಿ: ಎಂ.ಎಸ್.ನಲ್ಲಿ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) 5 ಮಿ.ಮೀ. ಬಿಟ್ 1,600 ಆರ್‌ಪಿಎಂನಲ್ಲಿ ಓಡಿದರೆ, ಇಲ್ಲಿ 600ರ ಸುತ್ತಮುತ್ತ ಸಾಕು. ಒತ್ತಡ ಬಿಡಬೇಡಿ. ಬಿಟ್ ಒಳಗಿದ್ದಾಗ ಒತ್ತುವುದು ನಿಲ್ಲಿಸಿ ಸುಮ್ಮನೆ ಸುತ್ತಲು ಬಿಟ್ಟರೆ ಆ ಕ್ಷಣದಲ್ಲೇ ಗಟ್ಟಿ ಪದರ ಬರುತ್ತದೆ. ಒತ್ತಿರಿ, ಇಲ್ಲವೇ ಪೂರ್ತಿ ಹೊರಗೆ ತೆಗೆಯಿರಿ. ಅಳತೆಯಲ್ಲಿ ಉದಾರವಾಗಿರಿ: ಎಂ5ಕ್ಕೆ 4.3, ಎಂ6ಕ್ಕೆ 5.1, ಎಂ8ಕ್ಕೆ 6.9, ಎಂ10ಕ್ಕೆ 8.6, ಎಂ12ಕ್ಕೆ 10.4.

ಟ್ಯಾಪಿಗೆ ಗಂಧಕ ಬೆರೆತ ಕಟಿಂಗ್ ಆಯಿಲ್ ಅಥವಾ ಟ್ಯಾಪಿಂಗ್ ಪೇಸ್ಟ್ ಬೇಕು. ಇಂಜಿನ್ನಿನ ಕರಿ ಎಣ್ಣೆ ಸುರಿದು ಸ್ಟೇನ್‌ಲೆಸ್ ಟ್ಯಾಪ್ ಮಾಡುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಅದರಲ್ಲಿರುವ ಮಸಿ, ಲೋಹದ ಪುಡಿ ಟ್ಯಾಪನ್ನೇ ಸವೆಸುತ್ತವೆ. ಡೈರಿ, ಮಿಠಾಯಿ, ಮಸಾಲೆ ಯಂತ್ರಗಳ ಕೆಲಸವಾದರೆ ಮುಗಿದ ಮೇಲೆ ಎಣ್ಣೆ ಪೂರ್ತಿ ತೊಳೆದು ಕೊಡಿ.

ಬೀಡು (ಎರಕದ ಕಬ್ಬಿಣ), ಅಲ್ಯೂಮಿನಿಯಂ, ಹಿತ್ತಾಳೆಗೆ ಯಾವ ಎಣ್ಣೆ?

ಬೀಡಿಗೆ ಏನೂ ಬೇಡ, ಒಣಗಿದ್ದೇ ಒಳ್ಳೆಯದು. ಅದರ ಪುಡಿಯಲ್ಲಿರುವ ಗ್ರಾಫೈಟೇ ಜಾರಿಕೆಗೆ ಸಾಕು. ಎಣ್ಣೆ ಹಾಕಿದರೆ ಕೆಸರಾಗಿ ಟ್ಯಾಪಿನ ಗಾಡಿಗಳಲ್ಲಿ (ಉದ್ದಕ್ಕೆ ಕೊರೆದ ಕಾಲುವೆಗಳಲ್ಲಿ) ಮೆತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಚಿಮಣಿ ಎಣ್ಣೆ (ಸೀಮೆಎಣ್ಣೆ), ಸಿಗದಿದ್ದರೆ ಡಬ್ಲ್ಯುಡಿ-40. ಒಣಗಿದ್ದರೆ ಅಲ್ಯೂಮಿನಿಯಂ ಟ್ಯಾಪಿಗೆ ಅಂಟಿಕೊಂಡು ಥ್ರೆಡ್ಡನ್ನೇ ಕಿತ್ತು ತರುತ್ತದೆ. ಹಿತ್ತಾಳೆ ಒಣಗಿದ್ದರೂ ನಡೆಯುತ್ತದೆ. ಆದರೆ ಡ್ರಿಲ್ ಹಿತ್ತಾಳೆಯೊಳಗೆ ತಾನಾಗಿ ನುಗ್ಗುತ್ತದೆ, ಪೀಸನ್ನು ವೈಸಿನಲ್ಲಿ ಬಿಗಿಯದೆ ಕೈಯಲ್ಲಿ ಹಿಡಿಯಬೇಡಿ. ಎಂ.ಎಸ್.ಗೆ ಸಾದಾ ಕಟಿಂಗ್ ಆಯಿಲ್. ತಾಮ್ರ ಎಲ್ಲಕ್ಕಿಂತ ಜಿಗುಟು, ಎಣ್ಣೆ ಧಾರಾಳವಾಗಿರಲಿ, ತೂತು 0.1 ದೊಡ್ಡದಿರಲಿ.

ಸೆಟ್ಟಿನಲ್ಲಿ ಮೂರು ಟ್ಯಾಪ್ ಯಾಕೆ? ಒಂದರಲ್ಲೇ ಮುಗಿಸಬಹುದೇ?

ಮೊದಲನೆಯದರ ಮೂತಿ ಉದ್ದಕ್ಕೆ ಇಳಿಜಾರಾಗಿರುತ್ತದೆ, ಏಳೆಂಟು ಸುತ್ತಿನವರೆಗೆ. ಎರಡನೆಯದಕ್ಕೆ ನಾಲ್ಕು ಸುತ್ತು, ಮೂರನೆಯದಕ್ಕೆ ಎರಡು. ಕೆಲವು ಸೆಟ್‌ಗಳಲ್ಲಿ ಮೊದಲನೆಯದರ ಕುತ್ತಿಗೆಗೆ ಒಂದು ಗೆರೆ, ಎರಡನೆಯದಕ್ಕೆ ಎರಡು ಗೆರೆ ಇದ್ದು ಮೂರನೆಯದಕ್ಕೆ ಗೆರೆ ಇರುವುದಿಲ್ಲ. ಇಂಥ ಸೆಟ್ಟಿನಲ್ಲಿ ಮೊದಲೆರಡು ಟ್ಯಾಪ್‌ಗಳ ವ್ಯಾಸವೂ ಸ್ವಲ್ಪ ಕಡಿಮೆ. ಮೂರನೆಯದನ್ನು ಹಾಕದೆ ಬಿಟ್ಟರೆ ಬೋಲ್ಟ್ ಹೋಗುವುದಿಲ್ಲ.

ಆರಪಾರ ತೂತು, 10 ಮಿ.ಮೀ. ಒಳಗಿನ ಎಂ.ಎಸ್. ಪ್ಲೇಟ್ ಇದ್ದರೆ ಮಷಿನ್ ಟ್ಯಾಪ್ ಒಂದೇ ಸಾಕು. ಗನ್ ಟ್ಯಾಪ್ ಎಂದು ಕೇಳಿ ತನ್ನಿ, ಅದು ಚಿಪ್ಸನ್ನು ಮುಂದಕ್ಕೆ ತಳ್ಳುತ್ತದೆ. ಮುಚ್ಚಿದ ತೂತಿಗೆ ಸುರುಳಿ ಗಾಡಿಯ ಸ್ಪೈರಲ್ ಟ್ಯಾಪ್, ಅದು ಚಿಪ್ಸನ್ನು ಮೇಲಕ್ಕೆ ಎತ್ತುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ, ಮುಖ್ಯವಾಗಿ ಗನ್ ಟ್ಯಾಪನ್ನು ಮುಚ್ಚಿದ ತೂತಿಗೆ ಹಾಕಿದರೆ, ಚಿಪ್ಸ್ ತಳದಲ್ಲಿ ಜಮೆಯಾಗಿ ಟ್ಯಾಪ್ ಸಿಕ್ಕಿಕೊಳ್ಳುತ್ತದೆ.

ಟ್ಯಾಪ್ ನೆಟ್ಟಗೆ ಇಳಿಯುವುದೇ ಇಲ್ಲ. ಏನು ಉಪಾಯ?

ಡ್ರಿಲ್ಲಿಂಗ್ ಮಷಿನ್ ಇದ್ದರೆ ಡ್ರಿಲ್ ಆದಮೇಲೆ ಪೀಸನ್ನು ವೈಸಿನಿಂದ ತೆಗೆಯಬೇಡಿ, ಟೇಬಲ್ ಸರಿಸಬೇಡಿ. ಬಿಟ್ ತೆಗೆದು ಕೌಂಟರ್‌ಸಿಂಕ್ ಹಾಕಿ, ತೂತಿನ ಬಾಯಿಯನ್ನು ಟ್ಯಾಪಿಗಿಂತ ಕೂದಲೆಳೆ ದೊಡ್ಡದಾಗಿ ಬಿಡಿಸಿ. ಎಂ10ಕ್ಕೆ 10.5ರಷ್ಟು ಸಾಕು. ಇದರಿಂದ ಮೊದಲ ಸುತ್ತು ಉಬ್ಬಿ ಮೇಲೆ ಬರುವುದಿಲ್ಲ, ಟ್ಯಾಪಿಗೂ ಕೂರಲು ಜಾಗ ಸಿಗುತ್ತದೆ. ಆಮೇಲೆ ಚಕ್‌ನಲ್ಲೇ ಟ್ಯಾಪ್ ಕಚ್ಚಿಸಿ, ಕರೆಂಟಿನ ಪ್ಲಗ್ ಕಿತ್ತು, ಎಡಗೈಯಿಂದ ಹ್ಯಾಂಡಲ್ ಮೆಲ್ಲಗೆ ಒತ್ತುತ್ತಾ ಬಲಗೈಯಿಂದ ಚಕ್ ತಿರುಗಿಸಿ. ಮೂರ್ನಾಲ್ಕು ಸುತ್ತು ಹಿಡಿದ ಮೇಲೆ ಚಕ್ ಸಡಿಲಿಸಿ ಟ್ಯಾಪ್ ಹ್ಯಾಂಡಲ್ ಹಾಕಿಕೊಳ್ಳಿ. ಲೇತಿನಲ್ಲಾದರೆ ಟೇಲ್‌ಸ್ಟಾಕ್ ಸೆಂಟರನ್ನು ಟ್ಯಾಪಿನ ಹಿಂಬದಿಯ ಕುಳಿಗೆ ಆನಿಸಿದರೆ ಇದೇ ಕೆಲಸ ಆಗುತ್ತದೆ.

ಮಷಿನ್ ಇಲ್ಲದೆ ಬರೀ ಕೈಯಿಂದಾದರೆ ಎರಡು ಸುತ್ತು ಹೋದ ಕೂಡಲೇ ಹ್ಯಾಂಡಲ್ ತೆಗೆದು ಟ್ರೈ ಸ್ಕ್ವೇರ್ ಹಚ್ಚಿ ನೋಡಿ. ಒಂದು ದಿಕ್ಕಿನಿಂದ ನೋಡಿದರೆ ಸಾಲದು, ಕಾಲು ಸುತ್ತು ಪಕ್ಕಕ್ಕೆ ಬಂದು ಇನ್ನೊಮ್ಮೆ ನೋಡಿ. ವಾಲಿದ್ದರೆ ಈಗಲೇ ಹೊರಗೆ ತೆಗೆದು ಎದುರು ದಿಕ್ಕಿಗೆ ಒತ್ತು ಕೊಟ್ಟು ಮತ್ತೆ ಶುರುಮಾಡಿ. ನಾಲ್ಕೈದು ಸುತ್ತು ಇಳಿದ ಮೇಲೆ ಹ್ಯಾಂಡಲ್ ಬಗ್ಗಿಸಿ ನೆಟ್ಟಗೆ ಮಾಡಲು ಹೋದರೆ ಟ್ಯಾಪ್ ಪಟ್ ಎನ್ನುತ್ತದೆ.

ಹೊಸಬರಿಗೆ ಇನ್ನೊಂದು ದಾರಿ: 25 ಮಿ.ಮೀ. ದಪ್ಪದ ಕಬ್ಬಿಣದ ತುಂಡಿನಲ್ಲಿ ಟ್ಯಾಪ್ ಸಲೀಸಾಗಿ ಹೋಗುವಷ್ಟು ನೆಟ್ಟನೆಯ ತೂತು ಹಾಕಿ ಇಟ್ಟುಕೊಳ್ಳಿ. ಅದನ್ನು ಪೀಸಿನ ಮೇಲೆ ಕೂರಿಸಿ ಅದರ ಮೂಲಕವೇ ಟ್ಯಾಪ್ ಇಳಿಸಿ. 6, 8, 10, 12ಕ್ಕೆ ಒಂದೇ ತುಂಡಿನಲ್ಲಿ ನಾಲ್ಕು ತೂತು ಮಾಡಬಹುದು.

ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎನ್ನುತ್ತಾರೆ. ಯಾವಾಗಲೂ ಹಾಗೇ ಮಾಡಬೇಕೇ?

ನೇರ ಗಾಡಿಯ ಹ್ಯಾಂಡ್ ಟ್ಯಾಪಿಗೆ ಹೌದು. ಹಿಂದಕ್ಕೆ ತಿರುಗಿಸಿದಾಗ 'ಟಕ್' ಎಂದು ಚಿಪ್ಸ್ ತುಂಡಾಗುವುದು ಕೈಗೆ ಗೊತ್ತಾಗುತ್ತದೆ. ಅದು ಗೊತ್ತಾದರೆ ಸಾಕು, ಎಣಿಸುತ್ತಾ ಕೂರಬೇಕಿಲ್ಲ. ಗನ್ ಟ್ಯಾಪ್, ಸ್ಪೈರಲ್ ಟ್ಯಾಪ್‌ಗಳಲ್ಲಿ ಹಿಂದಕ್ಕೆ ತಿರುಗಿಸುವ ಅಗತ್ಯವಿಲ್ಲ. ಬೀಡಿನಲ್ಲಿ ಚಿಪ್ಸ್ ತಾನಾಗಿ ಪುಡಿಯಾಗುವುದರಿಂದ ಅಲ್ಲೂ ಕಡಿಮೆ.

ಹ್ಯಾಂಡಲ್ ಸ್ಪ್ರಿಂಗಿನಂತೆ ಬಾಗಿ ವಾಪಸ್ ಬರುತ್ತಿದ್ದರೆ ನಿಲ್ಲಿಸಿ. ಟ್ಯಾಪ್ ಕತ್ತರಿಸುತ್ತಿಲ್ಲ, ತಿರುಚುತ್ತಿದೆ. ಎಂ5, ಎಂ6 ಟ್ಯಾಪಿಗೆ ಒಂದಡಿ ಉದ್ದದ ಹ್ಯಾಂಡಲ್ ಹಾಕುವವರಿಗೆ ಈ ತಿರುಚು ಗೊತ್ತಾಗುವುದೇ ಇಲ್ಲ. ಸಣ್ಣ ಟ್ಯಾಪಿಗೆ ಸಣ್ಣ ಹ್ಯಾಂಡಲ್.

ಮುಚ್ಚಿದ ತೂತಿಗೆ ಎಷ್ಟು ಆಳ ಡ್ರಿಲ್ ಮಾಡಬೇಕು?

ಬೇಕಾದ ಥ್ರೆಡ್ಡಿನ ಆಳಕ್ಕೆ ಟ್ಯಾಪಿನ ಇಳಿಜಾರು ಮೂತಿಯ ಉದ್ದ ಸೇರಿಸಿ, ಅದರ ಮೇಲೆ ಚಿಪ್ಸ್ ಬೀಳಲು 2 ಮಿ.ಮೀ. ಬಿಡಿ. ಎಂ8ರಲ್ಲಿ 16 ಮಿ.ಮೀ. ಪೂರ್ತಿ ಥ್ರೆಡ್ ಬೇಕಿದ್ದು ಕೊನೆಗೆ ಬಾಟಮಿಂಗ್ ಟ್ಯಾಪ್ (ಸೆಟ್ಟಿನ ಮೂರನೆಯದು) ಹಾಕುವುದಾದರೆ 20.5 ಬರುತ್ತದೆ, 21 ಮಿ.ಮೀ. ಕೊರೆಯಿರಿ. ಬಿಟ್ಟಿನ ಚೂಪು ತುದಿ ಈ ಲೆಕ್ಕದಲ್ಲಿ ಬರುವುದಿಲ್ಲ.

ಥ್ರೆಡ್ ಎಷ್ಟು ಆಳ ಬೇಕು ಎಂಬುದಕ್ಕೆ: ಸ್ಟೀಲ್‌ನಲ್ಲಿ ಬೋಲ್ಟಿನ ವ್ಯಾಸದಷ್ಟು, ಬೀಡಿನಲ್ಲಿ ಒಂದೂವರೆಯಷ್ಟು, ಅಲ್ಯೂಮಿನಿಯಂನಲ್ಲಿ ಎರಡರಷ್ಟು. ಅದಕ್ಕಿಂತ ಆಳ ಹೋಗುವುದು ಬರೀ ದಣಿವು. ಅಂಗಡಿಯಲ್ಲಿ ಸಿಗುವ ಎಂ10 ನಟ್ ನೋಡಿ, ದಪ್ಪ 8 ಮಿ.ಮೀ. ಚಿಲ್ಲರೆ ಮಾತ್ರ. ಸರಿಯಾದ ದರ್ಜೆಯ ಬೋಲ್ಟಿನ ಪೂರ್ತಿ ಬಲವನ್ನು ಅದು ಅಷ್ಟರಲ್ಲೇ ಹೊರುತ್ತದೆ.

ಮಧ್ಯೆ ಮಧ್ಯೆ ಟ್ಯಾಪ್ ಪೂರ್ತಿ ತೆಗೆದು ಪೀಸ್ ಬೋರಲು ಹಾಕಿ ತಟ್ಟಿ. ಏರ್ ಹೊಡೆಯುವುದಾದರೆ ಕನ್ನಡಕ ಹಾಕಿಕೊಳ್ಳಿ, ಮುಚ್ಚಿದ ತೂತಿನಿಂದ ಚಿಪ್ಸ್ ನೇರ ಮುಖಕ್ಕೇ ಬರುತ್ತದೆ.

ಅಂಗಡಿಯಲ್ಲಿ "ಮೂರು ಸೂತಿನ ಟ್ಯಾಪ್" ಎಂದು ಕೊಟ್ಟರು. ಎಂ10 ಬೋಲ್ಟ್ ಹೋಗುತ್ತಿಲ್ಲ.

ಹೋಗಬಾರದು. ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ. ಮೂರು ಸೂತು ಎಂದರೆ 3/8 ಇಂಚು, 9.5 ಮಿ.ಮೀ. ಅದು ಬಿಎಸ್‌ಡಬ್ಲ್ಯು ಥ್ರೆಡ್, ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಪದ್ಧತಿಯದು. ಥ್ರೆಡ್ಡಿನ ಕೋನ 55 ಡಿಗ್ರಿ. ಮೆಟ್ರಿಕ್‌ನಲ್ಲಿ 60.

ನಮ್ಮ ಕಡೆ ಇದರ ಬಳಕೆ ಇನ್ನೂ ಇದೆ. ಹಳೆಯ ಹಿಟ್ಟಿನ ಗಿರಣಿ, ಅರಳೆ ಜಿನ್, ಹಳೆಯ ಲೇತುಗಳಲ್ಲಿ ಇಂಚಿನ ಥ್ರೆಡ್ಡೇ ಸಿಗುತ್ತದೆ. ಹಳೆಯ ಟ್ರ್ಯಾಕ್ಟರುಗಳಲ್ಲಿ ಯುಎನ್‌ಸಿ, ಯುಎನ್‌ಎಫ್ ಎಂಬ ಅಮೆರಿಕದ ಇಂಚು ಥ್ರೆಡ್ ಸಾಮಾನ್ಯ. ಅದರ ಕೋನ 60 ಡಿಗ್ರಿ. 1/4 ಮತ್ತು 3/8ರಲ್ಲಿ ಬಿಎಸ್‌ಡಬ್ಲ್ಯು, ಯುಎನ್‌ಸಿ ಎರಡಕ್ಕೂ ಇಂಚಿಗೆ ಥ್ರೆಡ್ ಒಂದೇ ಸಂಖ್ಯೆ, 20 ಮತ್ತು 16. ಹಾಗಾಗಿ ಒಂದರೊಳಗೆ ಒಂದು ಹೋಗಿಬಿಡುತ್ತದೆ. ಅರ್ಧ ಇಂಚಿನಲ್ಲಿ ಮಾತ್ರ ಬಿಎಸ್‌ಡಬ್ಲ್ಯುಗೆ 12, ಯುಎನ್‌ಸಿಗೆ 13. ಇಲ್ಲಿ ಬಲವಂತ ಮಾಡಿದರೆ ಎರಡೂ ಹಾಳು.

ಬಿಎಸ್‌ಡಬ್ಲ್ಯುಗೆ ಡ್ರಿಲ್: 1/4ಕ್ಕೆ 5.1, 5/16ಕ್ಕೆ 6.5, 3/8ಕ್ಕೆ 7.9, 1/2ಕ್ಕೆ 10.5, 5/8ಕ್ಕೆ 13.5. ಹಳೆ ಮಷಿನ್ ರಿಪೇರಿಗೆ ಬಂದರೆ ಹೊಸ ಟ್ಯಾಪ್ ಎತ್ತಿಕೊಳ್ಳುವ ಮುಂಚೆ ಅದರದೇ ಒಂದು ಬೋಲ್ಟಿಗೆ ಪಿಚ್ ಗೇಜ್ ಹಚ್ಚಿ ನೋಡಿ.

ಪೈಪ್ ಥ್ರೆಡ್‌ಗೆ? ಬಿಎಸ್‌ಪಿಯೋ, ಎನ್‌ಪಿಟಿಯೋ ಹೇಗೆ ತಿಳಿಯುವುದು?

ಬಿಎಸ್‌ಪಿ ಎಂದರೆ ಬ್ರಿಟಿಷ್ ಪೈಪ್ ಥ್ರೆಡ್, ಎನ್‌ಪಿಟಿ ಅಮೆರಿಕದ್ದು. ಹುಬ್ಬಳ್ಳಿ ವಾಲ್ವ್ ಮಾಡುವ ಊರು, ಆದ್ದರಿಂದ ಇಲ್ಲಿ ಎರಡೂ ಓಡಾಡುತ್ತವೆ. ಮನೆಯ ನಲ್ಲಿ, ಜಿಐ ಪೈಪ್, ಹೊಲದ ಪಂಪಿನ ಫಿಟಿಂಗ್ ಎಲ್ಲ ಬಿಎಸ್‌ಪಿ. ರಫ್ತಿಗೆ ಹೋಗುವ ವಾಲ್ವ್, ಪ್ರೆಷರ್ ಇನ್‌ಸ್ಟ್ರುಮೆಂಟ್‌ಗಳಲ್ಲಿ ಎನ್‌ಪಿಟಿ ಹೆಚ್ಚು.

ಇಲ್ಲಿ "ಅರ್ಧ ಇಂಚು" ಎಂದರೆ ಪೈಪಿನ ಹೆಸರು. ಅರ್ಧ ಇಂಚು ಬಿಎಸ್‌ಪಿಯ ಹೊರ ವ್ಯಾಸ 20.955 ಮಿ.ಮೀ. ನೇರ ಬಿಎಸ್‌ಪಿ ಟ್ಯಾಪಿಗೆ ಡ್ರಿಲ್: 1/8ಕ್ಕೆ 8.8, 1/4ಕ್ಕೆ 11.8, 3/8ಕ್ಕೆ 15.25, 1/2ಕ್ಕೆ 19, 3/4ಕ್ಕೆ 24.5, 1 ಇಂಚಿಗೆ 30.75.

1/2 ಮತ್ತು 3/4 ಅಳತೆಯಲ್ಲಿ ಬಿಎಸ್‌ಪಿ, ಎನ್‌ಪಿಟಿ ಎರಡಕ್ಕೂ ಇಂಚಿಗೆ 14 ಥ್ರೆಡ್. ಕೈಯಲ್ಲಿ ಹಚ್ಚಿದರೆ ಸರಿಯಾಗಿಯೇ ಹಿಡಿದಂತೆ ತೋರುತ್ತದೆ. ಆದರೆ ಬಿಎಸ್‌ಪಿಯ ಕೋನ 55, ಎನ್‌ಪಿಟಿಯದು 60. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಒತ್ತಡ ಬಂದಾಗ ಸೋರುತ್ತದೆ. ಡ್ರಾಯಿಂಗಿನಲ್ಲಿ ಬರೀ "1/2 ಇಂಚು" ಎಂದಿದ್ದರೆ ಕೇಳಿಯೇ ಕೆಲಸ ಶುರುಮಾಡಿ.

ಟೇಪರ್ ಪೈಪ್ ಟ್ಯಾಪನ್ನು (ತುದಿಯ ಕಡೆಗೆ ಸಪೂರವಾಗುತ್ತಾ ಹೋಗುವುದು) ಕೊನೆಯವರೆಗೆ ಇಳಿಸಬೇಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಳಿಸಿ, ತೆಗೆದು, ಫಿಟಿಂಗ್ ಹಚ್ಚಿ ನೋಡಿ. ಕೈಯಿಂದ ನಾಲ್ಕು ಸುತ್ತು ಹೋಗಿ, ಪಾನಾದಿಂದ ಇನ್ನೆರಡು ಸುತ್ತು ಬಿಗಿಯಾದರೆ ಸರಿ.

ಮಷಿನಿನಲ್ಲೇ ಟ್ಯಾಪ್ ಓಡಿಸಬಹುದೇ? ಕೈ ಡ್ರಿಲ್ಲಿನಲ್ಲಿ?

ರಿವರ್ಸ್ ಇರುವ ಮಷಿನ್, ಟ್ಯಾಪಿಂಗ್ ಅಟ್ಯಾಚ್‌ಮೆಂಟ್ ಇದ್ದರೆ ಖಂಡಿತ. ಎಂ.ಎಸ್.ನಲ್ಲಿ ಎಂ6ಕ್ಕೆ 400, ಎಂ10ಕ್ಕೆ 250 ಆರ್‌ಪಿಎಂ ದಾಟಬೇಡಿ. ಸ್ಟೇನ್‌ಲೆಸ್‌ಗೆ ಅದರರ್ಧ. ಬ್ಯಾಟರಿ ಕೈ ಡ್ರಿಲ್ಲಿನಲ್ಲಿ ಗನ್ ಟ್ಯಾಪ್ ಹಾಕಿ 5 ಮಿ.ಮೀ. ಪ್ಲೇಟಿಗೆ ಎಂ6, ಎಂ8 ಹೊಡೆಯುವವರಿದ್ದಾರೆ. ಕ್ಲಚ್ ಕಡಿಮೆಗೆ ಇಟ್ಟು, ಆರಪಾರ ತೂತಿಗೆ ಮಾತ್ರ ಮಾಡಿ. ಕೈಗವಸು ಬೇಡ, ತಿರುಗುವ ಚಕ್ ಬಟ್ಟೆಯನ್ನು ಬೆರಳಿನ ಸಮೇತ ಎಳೆದುಕೊಳ್ಳುತ್ತದೆ.

"ಟ್ಯಾಪ್ ಒಳಗ ಮುರದ್ ನಿಂತೈತಿ. ಈಗ ಏನ್ ಮಾಡ್ಲಿರಿ?"

ಮೊದಲು ಡ್ರಿಲ್ ಬಿಟ್ ಕೆಳಗಿಡಿ. ಎಚ್‌ಎಸ್‌ಎಸ್ ಟ್ಯಾಪಿನ ಮೇಲೆ ಎಚ್‌ಎಸ್‌ಎಸ್ ಬಿಟ್ ಓಡಿಸಿದರೆ ಬಿಟ್ ಸವೆಯುತ್ತದೆ, ಪಕ್ಕಕ್ಕೆ ಜಾರಿ ಪೀಸೂ ಕೆಡುತ್ತದೆ.

ತುಂಡು ಮೇಲೆ ಕಾಣುತ್ತಿದ್ದರೆ ಇಕ್ಕಳದಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ. ಎಣ್ಣೆ ಬಿಟ್ಟು ಒಂದಿಷ್ಟು ಹೊತ್ತು ಬಿಡಿ. ಒಳಗೆ ಮುರಿದಿದ್ದರೆ ಟ್ಯಾಪ್ ಎಕ್ಸ್‌ಟ್ರಾಕ್ಟರ್ ಎಂಬ ಉಪಕರಣ ಸಿಗುತ್ತದೆ. ಅದರ ಉಕ್ಕಿನ ಬೆರಳುಗಳು ಟ್ಯಾಪಿನ ಗಾಡಿಗಳೊಳಗೆ ಇಳಿಯುತ್ತವೆ. ಹಾಕುವ ಮುಂಚೆ ಗಾಡಿಯಲ್ಲಿನ ಚಿಪ್ಸ್ ಸೂಜಿಯಿಂದ ಕೆದಕಿ ತೆಗೆಯಿರಿ. ಎಂ8ರ ಮೇಲಿನ ಟ್ಯಾಪ್ ಆಗಿದ್ದು ವೆಲ್ಡರ್ ನುರಿತವನಾಗಿದ್ದರೆ, ತುಂಡಿನ ಮೇಲೆ ನಟ್ ಇಟ್ಟು ಒಳಗಿನಿಂದ ಬೆಸುಗೆ ತುಂಬಿ, ತಣ್ಣಗಾದ ಮೇಲೆ ನಟ್ ತಿರುಗಿಸಬಹುದು. ಕಾರ್ಬನ್ ಸ್ಟೀಲ್ ಟ್ಯಾಪ್ ಆದರೆ ಪಂಚ್‌ನಿಂದ ಪುಡಿ ಮಾಡಲೂ ಬರುತ್ತದೆ, ಕಣ್ಣಿಗೆ ಕನ್ನಡಕ ಇದ್ದರೆ ಮಾತ್ರ.

ಪೀಸ್ ಅಲ್ಯೂಮಿನಿಯಂನದಾಗಿದ್ದರೆ ಕಿರಾಣಿ ಅಂಗಡಿಯ ಪಟಿಕ ಕೆಲಸಕ್ಕೆ ಬರುತ್ತದೆ. ಬಿಸಿ ನೀರಿಗೆ ಕರಗುವಷ್ಟೂ ಪಟಿಕ ಹಾಕಿ, ಆ ದ್ರಾವಣದಲ್ಲಿ ಪೀಸ್ ಮುಳುಗಿಸಿ ಕಾಯಿಸುತ್ತಲೇ ಇರಿ. ಪಟಿಕ ಉಕ್ಕನ್ನು ತಿನ್ನುತ್ತದೆ, ಅಲ್ಯೂಮಿನಿಯಂಗೆ ಹೆಚ್ಚೇನೂ ಮಾಡುವುದಿಲ್ಲ. ಗುಳ್ಳೆ ಬರುತ್ತಾ ಟ್ಯಾಪ್ ಕಪ್ಪಾಗಿ ಸವೆಯುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ಗಾಜು ಅಥವಾ ಎನಾಮೆಲ್ ಪಾತ್ರೆಯಲ್ಲಿ, ಗಾಳಿ ಆಡುವ ಕಡೆ ಮಾಡಿ. ಪೀಸಿನಲ್ಲಿ ಬೇರೆ ಉಕ್ಕಿನ ಬುಷ್, ಪಿನ್ ಇದ್ದರೆ ಅದೂ ಕರಗುತ್ತದೆ ಎಂಬುದು ನೆನಪಿರಲಿ.

ಬೆಲೆಬಾಳುವ ಡೈ, ವಾಲ್ವ್ ಬಾಡಿ ಆದರೆ ಇದ್ಯಾವ ಪ್ರಯೋಗವೂ ಬೇಡ. ಸ್ಪಾರ್ಕ್ ಇರೋಷನ್ ಮಷಿನ್ ಇರುವ ಟೂಲ್ ರೂಮಿಗೆ ಒಯ್ಯಿರಿ. ಟ್ಯಾಪಿನ ನಡುವನ್ನು ಸುಟ್ಟು ತೆಗೆದುಕೊಡುತ್ತಾರೆ, ಥ್ರೆಡ್ಡಿಗೂ ಏನೂ ಆಗುವುದಿಲ್ಲ.

ಥ್ರೆಡ್ ಕಿತ್ತು ಹೋಗಿದೆ. ಮುಂದಿನ ಸೈಜಿಗೆ ಹೋಗಲೋ, ಹೆಲಿಕಾಯಿಲ್ ಹಾಕಿಸಲೋ?

ಸುತ್ತ ಲೋಹ ಧಾರಾಳವಾಗಿದ್ದು ಬೋಲ್ಟ್ ಬದಲಿಸಲು ಅಡ್ಡಿ ಇಲ್ಲದಿದ್ದರೆ ಮುಂದಿನ ಸೈಜ್ ಅಗ್ಗ. ಎಂ8 ಹೋದರೆ 8.5 ಕೊರೆದು ಎಂ10. ಇಂಜಿನ್, ಗೇರ್ ಬಾಕ್ಸ್‌ಗೆ ಹೆಲಿಕಾಯಿಲ್ (ಕಿತ್ತ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಸರಿ. ಅಲ್ಯೂಮಿನಿಯಂನಲ್ಲಿ ಅದು ಮೂಲ ಥ್ರೆಡ್‌ಗಿಂತ ಗಟ್ಟಿ. ಅದರ ಟ್ಯಾಪ್ ಬೇರೆಯದೇ, ಕಿಟ್‌ನಲ್ಲಿ ಬರುವ ಡ್ರಿಲ್ಲನ್ನೇ ಬಳಸಿ.

ಬೈಕಿನ ಸ್ಪಾರ್ಕ್ ಪ್ಲಗ್ ಥ್ರೆಡ್ ಆದರೆ ಪ್ಲಗ್ ನೋಡಿ ಅಳತೆ ತಿಳಿಯಿರಿ: ಸಣ್ಣ ಪ್ಲಗ್ 10×1, ದೊಡ್ಡದು 14×1.25. ಹೆಡ್ ಬಿಚ್ಚದೆ ಟ್ಯಾಪ್ ಹಾಕಿದರೆ ಚಿಪ್ಸ್ ಸಿಲಿಂಡರಿನೊಳಗೆ ಬೀಳುತ್ತದೆ. ಟ್ಯಾಪಿನ ಗಾಡಿಗೆ ಗ್ರೀಸ್ ಮೆತ್ತಿ ಹಾಕುವ ರೂಢಿ ಇದೆ, ಆದರೂ ಹೆಡ್ ಬಿಚ್ಚುವುದೇ ಸರಿಯಾದ ಕೆಲಸ.

2 ಮಿ.ಮೀ. ತಗಡಿಗೆ ಎಂ6 ಟ್ಯಾಪ್ ಹಾಕಬಹುದೇ?

ಎರಡೇ ಸುತ್ತು ಸಿಗುತ್ತದೆ. ಕವರ್, ನೇಮ್ ಪ್ಲೇಟ್‌ಗೆ ಸಾಕು. ಪದೇ ಪದೇ ಬಿಚ್ಚುವ ಪ್ಯಾನೆಲ್ ಬಾಗಿಲಿಗೆ ಹಿಂದಿನಿಂದ ನಟ್ ವೆಲ್ಡ್ ಮಾಡಿ, ಇಲ್ಲವೇ ರಿವೆಟ್ ನಟ್ ಹಾಕಿ.

ಚಿಪ್ಸ್ ಬರದ ಟ್ಯಾಪ್ ಇದೆಯಂತೆ?

ಫಾರ್ಮ್ ಟ್ಯಾಪ್. ಅದಕ್ಕೆ ಗಾಡಿಗಳಿರುವುದಿಲ್ಲ, ಲೋಹವನ್ನು ಒತ್ತಿ ಥ್ರೆಡ್ ಎಬ್ಬಿಸುತ್ತದೆ. ಅಲ್ಯೂಮಿನಿಯಂ, ತಾಮ್ರ, ಮೆದು ಸ್ಟೀಲ್‌ಗೆ ಒಳ್ಳೆಯದು, ಬೀಡಿಗೆ ಬಾರದು. ಡ್ರಿಲ್ ಲೆಕ್ಕ ಬೇರೆ: ಅಳತೆಯಲ್ಲಿ ಅರ್ಧ ಪಿಚ್ ಮಾತ್ರ ಕಳೆಯಬೇಕು. ಎಂ6ಕ್ಕೆ 5.5, ಎಂ8ಕ್ಕೆ 7.4. ಸಾದಾ ಚಾರ್ಟ್ ನೋಡಿ 5.0 ಕೊರೆದು ಇದನ್ನು ಹಾಕಿದರೆ ಟ್ಯಾಪ್ ಸಿಕ್ಕಿಕೊಳ್ಳುವುದು ಖಚಿತ.

ಟ್ಯಾಪ್ ಹಾಕಿದಾಗ ಬೋಲ್ಟ್ ಸರಾಗ ಹೋಯಿತು. ಪ್ಲೇಟಿಂಗ್ ಆಗಿ ಬಂದ ಮೇಲೆ ಹೋಗುತ್ತಿಲ್ಲ.

ಥ್ರೆಡ್ಡಿನ ಎರಡೂ ಇಳಿಜಾರು ಪಕ್ಕಗಳ ಮೇಲೆ ಜಿಂಕ್ ಕೂರುವುದರಿಂದ ಪಿಚ್ ವ್ಯಾಸದಲ್ಲಿ ಪದರದ ದಪ್ಪದ ನಾಲ್ಕು ಪಟ್ಟು ವ್ಯತ್ಯಾಸ ಬರುತ್ತದೆ. 8 ಮೈಕ್ರಾನ್ ಪದರ ಎಂದರೆ 32 ಮೈಕ್ರಾನ್. ಎಂ6 ಬೋಲ್ಟಿಗೆ ಸ್ಟ್ಯಾಂಡರ್ಡ್ ಬಿಟ್ಟಿರುವ ಸಡಿಲು 26 ಮೈಕ್ರಾನ್ ಮಾತ್ರ. ಬೋಲ್ಟಿಗೂ ಪ್ಲೇಟಿಂಗ್, ತೂತಿಗೂ ಪ್ಲೇಟಿಂಗ್ ಆದರೆ ಹಿಡಿದುಕೊಳ್ಳದೆ ಇನ್ನೇನು? ಪ್ಲೇಟಿಂಗ್ ಒಳಗೆ ಆಳಕ್ಕೆ ಹೋಗುವುದಿಲ್ಲ, ಸಾಮಾನ್ಯವಾಗಿ ಬಾಯಿಯ ಮೊದಲ ಕೆಲವು ಸುತ್ತುಗಳಲ್ಲೇ ತೊಂದರೆ. ಕೊನೆಯ ಟ್ಯಾಪನ್ನು ಕೈಯಿಂದ ಒಮ್ಮೆ ಓಡಿಸಿದರೆ ಬಿಡುತ್ತದೆ, ಆದರೆ ಆ ಜಾಗದ ಜಿಂಕ್ ಹೋಗುತ್ತದೆ. ಇಂಥ ಆರ್ಡರ್ ಮುಂಚೆಯೇ ಗೊತ್ತಿದ್ದರೆ 6ಎಚ್ ಬದಲು 6ಜಿ ಟ್ಯಾಪ್ ಕೇಳಿ ತನ್ನಿ, ಅದು ಒಂದು ಕೂದಲೆಳೆ ದೊಡ್ಡದಾಗಿ ಕತ್ತರಿಸುತ್ತದೆ. ಪೌಡರ್ ಕೋಟಿಂಗ್‌ಗೆ ಕೊಡುವಾಗ ಯಾವ ಟ್ಯಾಪೂ ಸಾಲದು. ತೂತುಗಳಿಗೆ ಸಿಲಿಕಾನ್ ಪ್ಲಗ್ ಅಥವಾ ಹಳೆಯ ಬೋಲ್ಟ್ ಹಾಕಿಯೇ ಕಳಿಸಿ, ಓವನ್ನಿನಿಂದ ಬಂದು ತಣ್ಣಗಾದ ಮೇಲೆ ತೆಗೆಯಿರಿ.